ಮೈಲೇಜ್ ಎಷ್ಟು ಕೊಡತ್ತೆ ಸಾರ್?

ಪೆಟ್ಟಿಗೆಯ ಮೇಲೆ ಧೂಳೆಬ್ಬಿಸುತ್ತ ಹಾರುವ ಕಾರಿನ ಬಣ್ಣದ ಚಿತ್ರ. ಮುಚ್ಚಳ ತೆಗೆದರೆ ಒಳಗೆ ಕಾರು ಇರುವುದಿಲ್ಲ, ಕಾರು ಆಗಬಲ್ಲ ಸಾಮಾನು ಇರುತ್ತದೆ. ಅಕ್ಷರ ಗುರುತು ಹಾಕಿದ ಪ್ಲಾಸ್ಟಿಕ್ ಚೀಲಗಳಲ್ಲಿ ತಿರುಪು, ವಾಷರು, ಹಲ್ಲುಚಕ್ರ, ಸ್ಪ್ರಿಂಗು. ಕಡ್ಡಿಗಂಟಿಕೊಂಡೇ ಅಚ್ಚಿನಿಂದ ಬಂದ ಭಾಗಗಳು. ಇನ್ನೂ ಬಣ್ಣ ಕಾಣದ ಪಾರದರ್ಶಕ ಬಾಡಿ. ಒಂದು ಸಣ್ಣ ಟ್ಯೂಬಿನಲ್ಲಿ ಗ್ರೀಸು. ಹೆಚ್ಚಾಗಿ ಚಿತ್ರಗಳಲ್ಲೇ ಮಾತಾಡುವ ಒಂದು ಪುಸ್ತಕ. ರೇಡಿಯೊ ಕಂಟ್ರೋಲ್ ಕಾರಿನ ಹವ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದು. ಓಡಿಸುವುದು ಆಮೇಲಿನ ಮಾತು.

ಆಟದ ಸಾಮಾನಿನಂಗಡಿಯ ರಿಮೋಟ್ ಕಾರುಗಳದು ಬೇರೆ ಜಾತಿ. ದುಬೈಯಲ್ಲಿದ್ದ ಸೋದರಮಾವ ಎಂಬತ್ತರ ದಶಕದಲ್ಲಿ ನನಗೆ ತಂದುಕೊಟ್ಟದ್ದು ಅಂಥದ್ದೊಂದು. ರಿಮೋಟಿಗೆ ಒಂದೇ ಗುಂಡಿ. ಸುಮ್ಮನಿದ್ದರೆ ಕಾರು ನೆಟ್ಟಗೆ ಮುಂದಕ್ಕೆ ಹೋಗುತ್ತಿತ್ತು, ಒತ್ತಿದರೆ ಹಿಂದಕ್ಕೆ ಸರಿಯುತ್ತ ಒಂದೇ ಪಕ್ಕಕ್ಕೆ ಹೊರಳುತ್ತಿತ್ತು. ಯಾವ ಪಕ್ಕ ಎಂದು ಕೇಳುವ ಅಧಿಕಾರ ನಮಗಿರಲಿಲ್ಲ. ಆ ಅಧಿಕಾರ ಎಲ್ಲಿ ಅಡಗಿದೆ ಎಂದು ನೋಡಲು ನಾನದನ್ನು ಬಿಚ್ಚಿದೆ. "ಏನ್ ತಂದ್ಕೊಟ್ರೂ ಬಿಚ್ಚಿ ಗುಡ್ಡೆ ಹಾಕ್ತೀಯಲ್ಲೋ" ಎಂದು ಅಪ್ಪ ಬೈದರು.

ಬಿಚ್ಚುವ ಚಟಕ್ಕೆ ದೊಡ್ಡ ಪರಂಪರೆಯೇ ಇದೆ ಎಂದು ಅಪ್ಪನಿಗೆ ಹೇಳಲು ಆಗ ನನಗೂ ಗೊತ್ತಿರಲಿಲ್ಲ. ಜಪಾನಿನ ಶಿಜುವೊಕಾ ಊರಿನ ತಮಿಯಾ ಕಂಪನಿ ತನ್ನ ಮೊದಲ ರೇಡಿಯೊ ಕಾರನ್ನು 1976ರಲ್ಲಿ ಮಾರುಕಟ್ಟೆಗೆ ತಂದಿತು. ಪೋರ್ಷೆ 934, ಅಸಲಿನ ಹನ್ನೆರಡನೇ ಒಂದು ಅಳತೆ. ಅದನ್ನು ಕರಾರುವಾಕ್ಕಾಗಿ ಮಾಡಬೇಕೆಂದು ಕಂಪನಿಯ ಶುನ್‌ಸಾಕು ತಮಿಯಾ ನಿಜವಾದ ಪೋರ್ಷೆ 911 ಒಂದನ್ನು ಕೊಂಡು ತಂದು ಪೂರಾ ಕಳಚಿಸಿದರು. ಅಳತೆಯೆಲ್ಲ ತೆಗೆದದ್ದಾಯಿತು. ತಿರುಗಿ ಜೋಡಿಸುವುದು ಕೈಲಾಗದೆ ಪೋರ್ಷೆಯ ಮೆಕ್ಯಾನಿಕ್‌ಗಳನ್ನೇ ಕರೆಸಬೇಕಾಯಿತಂತೆ. ಈ ಕತೆ ಓದಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಜಪಾನಿಗೆ ತರಬೇತಿಗೆ ಹೋಗಿ ಬಂದಿದ್ದ ಸಹೋದ್ಯೋಗಿಯೊಬ್ಬರಿಂದ ತಮಿಯಾದ ಹಾರ್ನೆಟ್ ಕಾರನ್ನು ಕೊಂಡೆ. 1984ರ ಮಾದರಿ, ಹತ್ತನೇ ಒಂದು ಅಳತೆ. ಬಾನಿಯ ಹಾಗೆ ಅಂಚುಕಟ್ಟಿದ ಬಿಳಿ ಚಾಸಿ, ಕಪ್ಪು ಬಾಡಿ, ಹಿಂದಿನ ಟಯರುಗಳಿಗೆ ಮುಳ್ಳು, ಒಳಗೆ 540 ಅಳತೆಯ ಮೋಟಾರು. ಅದರ ಹಿಂಗಾಲುಗಳೆರಡೂ ಒಂದೇ ಗಡುಸು ಅಚ್ಚಿನಲ್ಲಿ ಕೂತಿರುವುದರಿಂದ ಒಮ್ಮೆಲೇ ವೇಗ ಕೊಟ್ಟರೆ ಕುಪ್ಪಳಿಸುತ್ತದೆ. ಅದು ದೋಷವೇ. ಆದರೆ ಹಾರ್ನೆಟ್ ಸಾಕಿದವರು ಯಾರೂ ಅದನ್ನು ದೋಷವೆನ್ನುವುದಿಲ್ಲ, ಸ್ವಭಾವ ಎನ್ನುತ್ತಾರೆ. ಆಮೇಲೆ ಮದುವೆ, ವರ್ಗಾವಣೆ, ಮನೆ ಸಾಲ. ಕಾರು ಅಟ್ಟ ಸೇರಿತು.

ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ ಅಟ್ಟ ಗುಡಿಸುವಾಗ ಪೆಟ್ಟಿಗೆ ಕೆಳಗಿಳಿಯಿತು. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಬಿಳಿ ಬೂಷ್ಟು ಹಿಡಿದಂತೆ ಉಪ್ಪು ಉಗುಳಿಕೊಂಡು ಸತ್ತಿತ್ತು. ಟಯರುಗಳು ಬಿರುಕು ಬಿಟ್ಟಿದ್ದವು. ಚಾಸಿ ಮಾತ್ರ ಗಟ್ಟಿಮುಟ್ಟು. ಇಷ್ಟು ಹಳೆಯ ಕಾರಿಗೆ ಬಿಡಿಭಾಗ ಎಲ್ಲಿಂದ ತರುವುದು ಎನ್ನುವಷ್ಟರಲ್ಲಿ ಗೊತ್ತಾಯಿತು, ನನ್ನಂಥವರ ಹಂಬಲವನ್ನು ಕಂಪನಿ ಮೊದಲೇ ಲೆಕ್ಕ ಹಾಕಿ ಕೂತಿದೆ. ಹಾರ್ನೆಟ್ 2004ರಲ್ಲಿ, ಅದರ ಅಣ್ಣ ಗ್ರಾಸ್‌ಹಾಪರ್ ಮರುವರ್ಷ ಮತ್ತೆ ಅಚ್ಚಿಗೆ ಹೋಗಿದ್ದವು. ಹೊಸ ಅಚ್ಚಿನ ಟಯರು, ಗೇರು, ಬಂಪರು ಎಲ್ಲ ಹಳೆಯದಕ್ಕೂ ಕೂರುತ್ತಿದ್ದವು. ಮಾರುತಿ 800ಕ್ಕೆ ಈ ಭಾಗ್ಯ ಇನ್ನೂ ಬಂದಿಲ್ಲ.

ಕಾರು ಅದೇ, ಅದರ ಸುತ್ತಲಿನ ಲೋಕ ಮಾತ್ರ ಪೂರಾ ಬದಲಾಗಿತ್ತು. ಆಗ ನಮ್ಮದು 27 ಮೆಗಾಹರ್ಟ್ಸ್ ರೇಡಿಯೊ. ರಿಮೋಟಿಗೊಂದು, ಕಾರಿಗೊಂದು ಹರಳು ಸಿಕ್ಕಿಸಬೇಕು. ಒಟ್ಟು ಆರು ಪಟ್ಟಿ: ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ರೆಸಿಸ್ಟರಿನ ಬಣ್ಣದ ಪಟ್ಟಿಗಳಲ್ಲಿ ಒಂದರಿಂದ ಆರರವರೆಗಿನ ಕ್ರಮವೇ ಇದು, ಡಿಪ್ಲೊಮಾ ಓದಿದವರ ಬಾಯಲ್ಲಿ ಈಗಲೂ ಇರುತ್ತದೆ. ಇಬ್ಬರದು ಒಂದೇ ಬಣ್ಣವಾದರೆ ಒಬ್ಬನ ರಿಮೋಟಿಗೆ ಇನ್ನೊಬ್ಬನ ಕಾರು ಕುಣಿಯುತ್ತಿತ್ತು. ಸ್ವಿಚ್ ಒತ್ತುವ ಮೊದಲು "ಹಳದಿ ಯಾರ್ದು?" ಎಂದು ಕೂಗುವುದು ಮೈದಾನದ ಶಿಷ್ಟಾಚಾರ. ಈಗಿನದು 2.4 ಗಿಗಾಹರ್ಟ್ಸ್. ನಮ್ಮ ದೇಶದಲ್ಲಿ ಆ ಪಟ್ಟಿಯನ್ನು 2005ರಲ್ಲಿ ಲೈಸೆನ್ಸಿನಿಂದ ಮುಕ್ತ ಮಾಡಿದರು. ರಿಮೋಟು ಮತ್ತು ರಿಸೀವರನ್ನು ಒಮ್ಮೆ ಬೈಂಡ್ ಮಾಡಿದರೆ ಮುಗಿಯಿತು, ಪಕ್ಕದಲ್ಲಿ ಎಷ್ಟೇ ಕಾರುಗಳಿದ್ದರೂ ಅವೆರಡು ಪರಸ್ಪರರ ಮಾತು ಬಿಟ್ಟು ಬೇರೆಯದಕ್ಕೆ ಕಿವಿಗೊಡುವುದಿಲ್ಲ.

ವೇಗದ ಏರ್ಪಾಡೂ ಹಾಗೆಯೇ. ಹಳೆಯ ಹಾರ್ನೆಟ್ಟಿನಲ್ಲಿ ಒಂದು ಸರ್ವೊ ಮೋಟಾರು ತಾಮ್ರದ ತಟ್ಟೆಯ ಮೇಲೆ ಸಣ್ಣ ತೋಳೊಂದನ್ನು ಉಜ್ಜಿಕೊಂಡು ಓಡಾಡಿಸುತ್ತಿತ್ತು. ನಿಧಾನ ಬೇಕೆಂದರೆ ಉಳಿದ ವಿದ್ಯುತ್ತನ್ನೆಲ್ಲ ರೆಸಿಸ್ಟರಿನಲ್ಲಿ ಸುಡುವುದು. ಕೈ ತಗುಲಿದರೆ ಬೊಬ್ಬೆ. ಈಗ ಆ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಸರ್ಕ್ಯೂಟು ಕೂತು ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಬಿಟ್ಟು ತಡೆದು ವೇಗ ಹದ ಮಾಡುತ್ತದೆ. ಕಾರು ಇರುವೆಯ ನಡಿಗೆಯಲ್ಲೂ ಹೋಗಬಲ್ಲದೆಂದು ನನಗೆ ತಿಳಿದದ್ದೇ ಈಗ.

ಹಳೆಯದು ಓಡಿತೆಂದರೆ ಹೊಸದರ ಆಸೆ ಹುಟ್ಟಲೇಬೇಕು. ಬೆಂಗಳೂರಿನ ಅಂಗಡಿಯಲ್ಲಿ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಿಟ್ ಒಂದನ್ನು ಕೈಗೆತ್ತಿಕೊಂಡಾಗ ಮಾರುವ ಹುಡುಗ "ಪಾಪುಗೆ ಎಷ್ಟು ವಯಸ್ಸು ಸಾರ್?" ಎಂದ. "ಐವತ್ತೆರಡು" ಎಂದೆ. ಅವನೂ ನಕ್ಕ, ನಾನೂ ನಕ್ಕೆ. ಬಿಲ್ಲು ಮಾತ್ರ ಗಂಭೀರವಾಗಿತ್ತು.

ಇದಕ್ಕೆ ಲಿಥಿಯಂ ಪಾಲಿಮರ್ ಬ್ಯಾಟರಿ. ಹವ್ಯಾಸಿಗಳ ಬಾಯಲ್ಲಿ ಲಿಪೊ. ಒಂದೊಂದು ಸೆಲ್ಲೂ ತುಂಬಿದಾಗ 4.2 ವೋಲ್ಟು, ಮೂರಕ್ಕಿಂತ ಕೆಳಗಿಳಿಸಿದರೆ ಕೆಡುತ್ತದೆ. ವಾರಗಟ್ಟಲೆ ಎತ್ತಿಡುವುದಾದರೆ 3.8ರ ಆಸುಪಾಸಿನಲ್ಲಿಡಬೇಕು, ಹೊಟ್ಟೆ ತುಂಬಿಸಿಯೂ ಇಡಬಾರದು, ಉಪವಾಸವೂ ಕೆಡವಬಾರದು. ಮುನಿದರೆ ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು. ಹಾಗಾಗಿ ಚಾರ್ಜಿಗೆ ಹಾಕಿ ಹೊರಗೆ ಹೋಗುವಂತಿಲ್ಲ. ನಾನು ಬಾಲ್ಕನಿಯಲ್ಲಿ ದಪ್ಪ ಮಣ್ಣಿನ ಕುಂಡದೊಳಗಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತೇನೆ. "ರೀ, ಕುಕ್ಕರ್ ಇಟ್ಟಾಗ ಒಂದ್ ದಿನಾನೂ ಹೀಗೆ ಕಾವಲು ಕೂತಿಲ್ಲ ನೀವು" ಎಂಬ ಮಾತು ಅಡುಗೆಮನೆಯಿಂದ ಬರುತ್ತದೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕಟ್ಟುವ ಸುಖವನ್ನು ಹೇಳದೆ ಮುಂದೆ ಹೋಗಲಾರೆ. ಮೊದಲು ಬೇಕಾದದ್ದು ಒಳ್ಳೆಯ ಸ್ಕ್ರೂಡ್ರೈವರು. ಜಪಾನಿ ತಿರುಪಿನ ಅಡ್ಡಗೀರು ನಮ್ಮ ಮಾಮೂಲಿ ಫಿಲಿಪ್ಸಿಗೆ ಕಂಡೂ ಕಾಣದಷ್ಟು ಬೇರೆ, ಜೋರು ಮಾಡಿದರೆ ತಲೆ ಸವೆದುಹೋಗುತ್ತದೆ. ಆಮೇಲೆ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಲ್ಲ, ಆ ಹೆಚ್ಚುಕಮ್ಮಿಯನ್ನು ಸರಿದೂಗಿಸುವ ಪುಟ್ಟ ಗೇರುಗಳ ಕೂಟ ಅದು. ಪಾಠದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದಿದ್ದೆ. ಅರ್ಥವಾದದ್ದು ಜೋಡಿಸಿ ಮುಗಿಸಿ, ಎಡ ಚಕ್ರ ಮುಂದಕ್ಕೆ ತಿರುಗಿಸಿದಾಗ ಬಲ ಚಕ್ರ ತಾನಾಗಿ ಹಿಂದಕ್ಕೆ ತಿರುಗಿದಾಗ. ಶಾಕ್‌ಗಳಿಗೆ ಸಿಲಿಕಾನ್ ಎಣ್ಣೆ ತುಂಬಿ, ಪಿಸ್ಟನ್ನನ್ನು ಮೆಲ್ಲಗೆ ಮೇಲೆಕೆಳಗೆ ಆಡಿಸಿ, ಗಾಳಿಗುಳ್ಳೆ ಒಂದೊಂದಾಗಿ ಮೇಲೆ ಬರುವುದನ್ನು ಕಾಯಬೇಕು. ಅವಸರ ಮಾಡಿದರೆ ಒಳಗೆ ಗುಳ್ಳೆ ಉಳಿದು ಶಾಕ್ ಬಿಕ್ಕುತ್ತದೆ.

ಬಣ್ಣದ ಕೆಲಸ ಇನ್ನೊಂದು ಸ್ವಾರಸ್ಯ. ಪಾಲಿಕಾರ್ಬೊನೇಟ್ ಬಾಡಿಗೆ ಬಣ್ಣ ಬಳಿಯುವುದು ಒಳಗಡೆಯಿಂದ. ಮೊದಲು ಬಳಿದದ್ದೇ ಹೊರಗಿನಿಂದ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಆದ್ದರಿಂದ ಗೆರೆ, ಪಟ್ಟಿಗಳೆಲ್ಲ ಮೊದಲು, ಮೈಬಣ್ಣ ಕೊನೆಗೆ. ಹಳೆಯ ಮನೆಗಳ ಗೋಡೆಯಲ್ಲಿ ನೀವು ನೋಡಿರುವ ಗಾಜಿನ ಹಿಂಬದಿಯ ದೇವರ ಚಿತ್ರಗಳನ್ನು ಬರೆದವರೂ ಹೀಗೇ ಮಾಡುತ್ತಿದ್ದರು, ಕಣ್ಣು, ಒಡವೆ ಮೊದಲು, ಹಿನ್ನೆಲೆ ಆಮೇಲೆ. ಹಾರಿದ ಕಾರು ತಲೆಕೆಳಗಾಗಿ ಜಾರಿದರೂ ಹೊರಗೆ ಪ್ಲಾಸ್ಟಿಕ್ಕಿಗೆ ಗೀರಾಗುತ್ತದೆ, ಬಣ್ಣ ಒಳಗೆ ಕ್ಷೇಮ.

ಮೈಸೂರಿನ ರಿಂಗ್ ರೋಡಿನಾಚೆ ಬಡಾವಣೆಗಳಿಗೆ ಕೊರತೆಯಿಲ್ಲ. ಕಲ್ಲು ನೆಟ್ಟು, ರಸ್ತೆ ಎಳೆದು, ಮನೆಗಳಿಗಾಗಿ ಕಾಯುತ್ತಿರುವ ಸೈಟುಗಳು. ಕೆಂಪು ಮಣ್ಣು, ಚರಂಡಿಗೆ ಅಗೆದು ಬಿಟ್ಟ ದಿಬ್ಬ, ಅಲ್ಲಲ್ಲಿ ಜಲ್ಲಿ ರಾಶಿ. ಯಾವ ಇಂಜಿನಿಯರೂ ಬೇಕೆಂದು ಕಟ್ಟಲಾರದ ಟ್ರ್ಯಾಕು ಅದು. ಭಾನುವಾರ ಬೆಳಗ್ಗೆ ನಾವು ನಾಲ್ಕೈದು ಜನ ಸೇರುತ್ತೇವೆ. ವಾಕಿಂಗ್ ಬಂದ ಹಿರಿಯರು ನಿಲ್ಲುತ್ತಾರೆ, ನೋಡುತ್ತಾರೆ, ಆಮೇಲೆ ಆ ಪ್ರಶ್ನೆ: "ಮೈಲೇಜ್ ಎಷ್ಟು ಕೊಡತ್ತೆ ಸಾರ್?" ವಿಮಾನ ತೋರಿಸಿದರೂ ನಮ್ಮವರು ಮೊದಲು ಕೇಳುವುದು ಅದನ್ನೇ. ಒಂದು ಚಾರ್ಜಿಗೆ ಇಪ್ಪತ್ತು ನಿಮಿಷ ಓಡುತ್ತದೆ ಎಂದರೆ ಮುಖದಲ್ಲಿ ಕನಿಕರ ಮೂಡುತ್ತದೆ. ಬೆಲೆ ಹೇಳಿದರೆ ಆ ಕನಿಕರ ಕಾರಿನಿಂದ ನನ್ನ ಮೇಲೆ ಸರಿಯುತ್ತದೆ.

ಓಡಿಸುವವರ ಕಷ್ಟ ವೇಗವಲ್ಲ, ದಿಕ್ಕು. ಕಾರು ದೂರ ಹೋಗುವಾಗ ನನ್ನ ಎಡವೇ ಅದರ ಎಡ. ತಿರುಗಿ ನನ್ನತ್ತ ಬರುವಾಗ ಅದರ ಎಡ ನನಗೆ ಬಲ. ಬುದ್ಧಿ ಇದನ್ನು ಒಪ್ಪುತ್ತದೆ, ಬೆರಳು ಒಪ್ಪುವುದಿಲ್ಲ. ಮದ್ದು ಒಂದೇ, ಎಂಟರ ಆಕಾರದಲ್ಲಿ ಸುತ್ತು ಹೊಡೆಸುತ್ತಿರುವುದು. ಒಂದು ಹಂತದಲ್ಲಿ ಲೆಕ್ಕ ಹಾಕುವುದು ನಿಂತು, ನಾನು ಆ ಪುಟ್ಟ ಸ್ಟೀರಿಂಗಿನ ಹಿಂದೆಯೇ ಕೂತಿರುವಂತಾಗುತ್ತದೆ. ಕಚೇರಿಯ ಚಿಂತೆಗೆ ಅಲ್ಲಿ ಸೀಟಿಲ್ಲ.

ಕಾರು ದಿಬ್ಬದಿಂದ ಹಾರಿದಾಗ ನೋಟಕ್ಕೆ ಏನೋ ಗಡಿಬಿಡಿ, ಆಟಿಕೆಯ ಚಡಪಡಿಕೆ. ಕಾರಣ ಸರಳ. ಕಾರನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿದೆವು, ಭೂಮಿಯ ಸೆಳೆತವನ್ನು ಇಳಿಸಲಾದೀತೆ? ಬೀಳಲು ಹಿಡಿಯುವ ಸಮಯ ಎತ್ತರದ ವರ್ಗಮೂಲದ ಲೆಕ್ಕದಲ್ಲಿ ಕುಗ್ಗುತ್ತದೆ. ಹತ್ತರ ವರ್ಗಮೂಲ 3.16. ನಮ್ಮ ಗುಂಪಿನ ಕಾಲೇಜು ಹುಡುಗ ಫೋನಿನಲ್ಲಿ ತೆಗೆದ ವಿಡಿಯೊವನ್ನು ಸುಮಾರು ಮೂರು ಪಟ್ಟು ನಿಧಾನಿಸಿ ತೋರಿಸಿದ. ನನ್ನ ಒಂದೂವರೆ ಕಿಲೋ ಪ್ಲಾಸ್ಟಿಕ್ಕು ಮರುಭೂಮಿಯ ರ‍್ಯಾಲಿ ಕಾರಿನ ಗಾಂಭೀರ್ಯದಿಂದ ಗಾಳಿಯಲ್ಲಿ ತೇಲಿ, ನಾಲ್ಕೂ ಶಾಕ್ ಕುಗ್ಗಿಸಿ ಇಳಿಯಿತು. ಪುಟ್ಟ ಮಾದರಿಗಳನ್ನಿಟ್ಟು ಸಿನಿಮಾ ತೆಗೆಯುವವರು ಬಳಸುವ ಉಪಾಯವೂ ಇದೇ.

ಇಷ್ಟು ಹಾರಿದ ಮೇಲೆ ಮುರಿಯದೆ ಇರುತ್ತದೆಯೆ? ಮುರಿಯುತ್ತದೆ, ಆದರೆ ಅದಕ್ಕೂ ಒಂದು ಕ್ರಮವಿದೆ. ಸ್ಟೀರಿಂಗಿನಲ್ಲಿ ಸರ್ವೊ ಸೇವರ್ ಎಂಬ ಸ್ಪ್ರಿಂಗಿನ ತುಂಡು ಇರುತ್ತದೆ. ಚಕ್ರ ಕಲ್ಲಿಗೆ ಬಡಿದರೆ ಪೆಟ್ಟನ್ನು ತಾನು ನುಂಗಿ ಒಳಗಿನ ಸಣ್ಣ ಗೇರುಗಳನ್ನು ಉಳಿಸುತ್ತದೆ. ಪುಸ್ತಕದಲ್ಲಿ ಪ್ರತಿ ಭಾಗಕ್ಕೂ ಒಂದು ನಂಬರು. ಯಾವುದು ಮುರಿಯಿತೋ ಆ ನಂಬರು ಹೇಳಿ ತರಿಸಿದರಾಯಿತು. ಬಡಾವಣೆಯ ಮೂಲೆಯಲ್ಲಿ ಸ್ಕೂಟರ್ ಗ್ಯಾರೇಜು ಇಟ್ಟಿರುವವನು ಒಮ್ಮೆ ರಸ್ತೆಯಾಚೆಯಿಂದಲೇ "ಸಾರ್, ಗೇರ್ ಟೈಟಾಗ್ ಕೂತಿದೆ, ಸೌಂಡ್ ಕೇಳಿ" ಎಂದ. ಹೊಸ ಕಾರಿನ ಕೀರಲು ದನಿ ಹುಟ್ಟುಗುಣವೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಮೋಟಾರಿನ ಪಿನಿಯನ್ ಸಡಿಲಿಸಿ, ಎರಡು ಹಲ್ಲುಚಕ್ರಗಳ ನಡುವೆ ನೋಟ್‌ಬುಕ್ಕಿನ ಕಾಗದದ ಪಟ್ಟಿ ತೂರಿಸಿ, ಒತ್ತಿ ಹಿಡಿದು ಬಿಗಿದೆವು. ಕಾಗದ ಹರಿಯದೆ ಸುಕ್ಕುಸುಕ್ಕಾಗಿ ಹೊರಬಂದರೆ ಅಂತರ ಸರಿ. ದನಿ ಇಳಿಯಿತು. ಅಂದಿನಿಂದ ಅವನೂ ನಮ್ಮ ಭಾನುವಾರದವನಾದ. ಅವನ ಹೊಟ್ಟೆಪಾಡಿನ ವಿದ್ಯೆ ನಮ್ಮ ಆಟಕ್ಕೆ ಗುರುವಾಗಿದೆ.

ಮನೆಯೊಳಗೆ ಸುತ್ತ ನೋಡುತ್ತೇನೆ. ಫೋನನ್ನು ಅಂಟು ಹಾಕಿ ಮುಚ್ಚಿದ್ದಾರೆ. ವಾಷಿಂಗ್ ಮಷೀನು ನಿಂತರೆ ಬಂದವರು "ಬೋರ್ಡ್ ಹೋಗಿದೆ" ಎಂದು ಬೋರ್ಡನ್ನೇ ಬದಲಿಸುತ್ತಾರೆ, ಏಕೆ ಹೋಯಿತೆಂದು ಅವರಿಗೂ ಬೇಡ. ಆಫೀಸಿಗೆ ಹೋಗುವ ದೊಡ್ಡ ಕಾರಿನ ಬಾನೆಟ್ ಎತ್ತಿದರೆ ಇನ್ನೊಂದು ಪ್ಲಾಸ್ಟಿಕ್ ಮುಚ್ಚಳ. ಇವೆಲ್ಲ ನಾನು ದುಡ್ಡು ಕೊಟ್ಟು ತಂದವು, ಒಂದರ ಒಳಗೂ ನನಗೆ ಪ್ರವೇಶವಿಲ್ಲ. ಡೈನಿಂಗ್ ಟೇಬಲ್ಲಿನ ಮೇಲೆ ಹಳೆಯ ಪಂಚೆ ಹಾಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆಂಪು ಧೂಳು ಕೆಡವುತ್ತ ಕೂತಿರುವ ಈ ಕಾರೊಂದರ ವಿಷಯದಲ್ಲಿ ಮಾತ್ರ, ಯಾವ ತಿರುಪು ಎಲ್ಲಿಗೆ, ಯಾವ ಸದ್ದು ಯಾತಕ್ಕೆ ಎಂದು ಬಲ್ಲೆ. ಚಿಕ್ಕಂದಿನಲ್ಲಿ ಬೈಸಿಕೊಂಡ ಕೆಲಸವೇ ಇಲ್ಲಿ ಯೋಗ್ಯತೆ.

ಇದನ್ನು ಬಾಲ್ಯಕ್ಕೆ ಮರಳುವುದು ಎಂದು ಸ್ನೇಹಿತರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶಾಕ್ ಎಣ್ಣೆಯ ಗುಳ್ಳೆ ಮೇಲೆ ಬರಲೆಂದು ಸುಮ್ಮನೆ ಕಾಯುವ ತಾಳ್ಮೆ ಹನ್ನೆರಡರ ಹುಡುಗನಿಗೆ ಎಲ್ಲಿತ್ತು? ಅವನಿಗೆ ಬಿಚ್ಚಲು ಬರುತ್ತಿತ್ತು, ಅಷ್ಟೆ. ಕೂಡಿಸಲು ಬಂದದ್ದು ಈಗ. ಇದು ದೊಡ್ಡವರ ಆಟವೇ. ಬಡಾವಣೆಯ ಮಕ್ಕಳು ಬಂದು ಸುತ್ತ ನಿಂತರೆ ನೋಡಲು ಬಿಡುತ್ತೇವೆ, ಹಟ ಮಾಡದೆ ಇದ್ದವರಿಗೆ ಮಗುಚಿಬಿದ್ದ ಕಾರನ್ನು ಓಡಿಹೋಗಿ ಎತ್ತಿ ನಿಲ್ಲಿಸುವ ಉದ್ಯೋಗವನ್ನೂ ಕೊಡುತ್ತೇವೆ.