ತಗ್ಗುನೆಲದ ಮನೆಗಳು: ಕಿರುಗಾವಲಿನಿಂದ ಒಂದು ಪತ್ರ

ಕಿರುಗಾವಲು, ಮಳವಳ್ಳಿ ತಾಲ್ಲೂಕು

ತೀರ್ಥರೂಪ ತಂದೆಯವರಿಗೆ,

ಬನ್ನೂರಿನ ಕಡೆಯಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿರುವ ಕಿರುಗಾವಲು ಈಗ ಹೊರಗಿನವರಿಗೆ ಪರಿಚಿತವಾಗಿರುವುದು ಬಹುಮಟ್ಟಿಗೆ ಸೈಯದ್ ಗನಿ ಖಾನ್ ಅವರು ಉಳಿಸಿಕೊಂಡು ಬಂದಿರುವ ದೇಸಿ ಭತ್ತದ ತಳಿಗಳಿಂದ ಮತ್ತು ಬಡಾ ಬಾಗ್ ಎಂಬ ಹಳೆಯ ಮಾವಿನ ತೋಪಿನಿಂದ. ಆದರೆ ಪುರಾತತ್ತ್ವದಲ್ಲಿ ಆಸಕ್ತಿಯುಳ್ಳ ಪ್ರವಾಸಿಗೆ ಇದು ಇನ್ನೊಂದು ಕಾರಣಕ್ಕೂ ಅನುಕೂಲದ ಬಿಡಾರ. ಗಂಗರ ರಾಜಧಾನಿಯಾಗಿದ್ದ ತಲಕಾಡು ಮತ್ತು ಎಂ. ಶೇಷಾದ್ರಿಯವರು ನವಶಿಲಾಯುಗದ ನೆಲೆಯನ್ನು ಉತ್ಖನನ ಮಾಡಿದ ತಿ. ನರಸೀಪುರ, ಇವೆರಡನ್ನೂ ಇಲ್ಲಿಂದ ಹೊರಟು ನೋಡಿ ಸಂಜೆಯೊಳಗೆ ಹಿಂದಿರುಗಬಹುದು. ಹಾಗೆ ನೋಡಿ ಬಂದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಗಂಗರ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಶ. 4ರಿಂದ 10ನೆಯ ಶತಮಾನದವರೆಗೆ, ಇತಿಹಾಸಕಾರರು ಆದಿ ಮಧ್ಯಯುಗವೆಂದು ಕರೆಯುವ ಅವಧಿಯಲ್ಲಿ, ಈ ಸೀಮೆಯ ಒಕ್ಕಲು ಮಕ್ಕಳು ಎಂಥ ಮನೆಯ ಎಂಥ ನೆಲದ ಮೇಲೆ ಮಲಗುತ್ತಿದ್ದರು?

ಇಲ್ಲಿ ಕಲ್ಲಿನ ಬರೆಹ ಉಳಿದಿದೆ, ಆದರೆ ಅದರಿಂದ ಒಕ್ಕಲ ಮನೆಯ ನೆಲ ತಿಳಿಯುವುದಿಲ್ಲ. ಅದೇ ಶತಮಾನಗಳ ಇಂಗ್ಲೆಂಡಿನಲ್ಲಿ ಪರಿಸ್ಥಿತಿ ತಿರುವುಮುರುವಾಗಿದೆ: ಹಳ್ಳಿಯ ಜನ ಬರೆಹವನ್ನು ಬಿಟ್ಟುಹೋಗಲಿಲ್ಲ, ಮನೆಯ ಗುಂಡಿಗಳನ್ನು ಬಿಟ್ಟುಹೋದರು. ನೆಲವನ್ನು ಆಯತಾಕಾರವಾಗಿ ಅಗೆದು, ಎರಡು ತುದಿಗೂ ಒಂದೊಂದು ಕಂಬ ನೆಟ್ಟು, ಅವುಗಳ ಮೇಲೆ ನೆತ್ತಿಯ ತೊಲೆಯನ್ನಿರಿಸಿ ಹುಲ್ಲು ಹೊದಿಸಿದ ಇಂಥ ಕಟ್ಟಡಗಳನ್ನು ಅಲ್ಲಿಯ ವಿದ್ವಾಂಸರು ತಗ್ಗುನೆಲದ ಕಟ್ಟಡಗಳೆಂದೂ ಜರ್ಮನರು ಗ್ರೂಬೆನ್‌ಹೌಸ್ ಎಂದೂ ಕರೆಯುತ್ತಾರೆ; ಗುಂಡಿ ಸಾಮಾನ್ಯವಾಗಿ ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಆಳ ಮಾತ್ರ ಮೊಣಕಾಲಿನ ಆಸುಪಾಸು. 1921ರಲ್ಲಿ ಸಟನ್ ಕೋರ್ಟ್ನಿಯಲ್ಲಿ ಅಗೆಯಲು ತೊಡಗಿದ ಇ.ಟಿ. ಲೀಡ್ಸ್ ಅವರಿಗೆ ಗುಂಡಿಯ ತುಂಬ ಮೂಳೆ, ಬೂದಿ, ಒಡಕು ಮಡಕೆಗಳು ಕಂಡದ್ದರಿಂದ, ಜನ ಆ ಕೊಳಕಿನ ನಡುವೆಯೇ ಬದುಕುತ್ತಿದ್ದರೆಂದು ಅವರು ಭಾವಿಸಿದರು. ಮುಂದೆ 1965ರಿಂದ 1972ರವರೆಗೆ ಸಫೋಕ್‌ನ ವೆಸ್ಟ್ ಸ್ಟೋದಲ್ಲಿ ಸುಮಾರು 70 ಗುಂಡಿಮನೆಗಳನ್ನು ಬಿಡಿಸಿದ ಸ್ಟ್ಯಾನ್ಲಿ ವೆಸ್ಟ್, ನಡೆದಾಡುವ ನೆಲ ಗುಂಡಿಯ ತಳವಲ್ಲ, ಗುಂಡಿಯ ಮೇಲೆ ಹಾಸಿದ ಹಲಗೆಯೇ ನೆಲ, ಕೆಳಗಿನ ಪೊಳ್ಳು ಗಾಳಿಯಾಡುವುದಕ್ಕೆ ಎಂದು ವಾದಿಸಿದರು. ಎಸೆಕ್ಸ್‌ನ ಮಕಿಂಗ್ ನೆಲೆಯೊಂದರಲ್ಲೇ ಇಂಥವು 200ಕ್ಕೂ ಹೆಚ್ಚು ಸಿಕ್ಕಿದ್ದರಿಂದ ಚರ್ಚೆಗೆ ಸಾಮಗ್ರಿಯ ಕೊರತೆಯಿರಲಿಲ್ಲ.

ಈ ಗುಂಡಿಗಳಲ್ಲಿ ಪದೇ ಪದೇ ದೊರೆಯುವ ವಸ್ತುವೆಂದರೆ ಮಗ್ಗದ ಗುಂಡು. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹಾಸಿನ ನೂಲು ಬಿಗಿಯಾಗಿರಲೆಂದು ಕೆಳತುದಿಗೆ ಕಟ್ಟುತ್ತಿದ್ದ, ನಡುವೆ ತೂತಿರುವ, ದಪ್ಪ ಕೋಡುಬಳೆಯಂಥ ಈ ಮಣ್ಣಿನ ಉಂಗುರಗಳು ಸಾಲಾಗಿ ಬಿದ್ದಿರುವುದನ್ನು ನೋಡಿ, ಗುಂಡಿಮನೆ ನೇಕಾರರ ಕೊಟ್ಟಿಗೆಯಾಗಿತ್ತೆಂದು ಅನೇಕರು ನಿರ್ಧರಿಸಿದರು. ಜರ್ಮನಿಯ ಜನ ನೆಲದಡಿಯಲ್ಲಿ ಕುಳಿತು ನಾರುಬಟ್ಟೆ ನೇಯುತ್ತಾರೆಂದು ರೋಮಿನ ಪ್ಲಿನಿ ಬರೆದಿರುವುದೂ, ಅವರು ಗುಹೆ ತೋಡಿ ಮೇಲೆ ಗೊಬ್ಬರ ಹೇರಿ ಚಳಿಗಾಲಕ್ಕೂ ದವಸಕ್ಕೂ ಆಸರೆ ಮಾಡಿಕೊಳ್ಳುತ್ತಾರೆಂದು ಟ್ಯಾಸಿಟಸ್ ಬರೆದಿರುವುದೂ ಇದಕ್ಕೆ ಬೆಂಬಲವಾದವು. ಆದರೆ 2004ರಲ್ಲಿ ಜೆಸ್ ಟಿಪ್ಪರ್ ಎತ್ತಿದ ಆಕ್ಷೇಪ ತೂಕದ್ದು: ಗುಂಡಿ ತುಂಬಿರುವ ಮಣ್ಣು ಬಹುಪಾಲು ಕಟ್ಟಡ ಪಾಳುಬಿದ್ದ ಮೇಲೆ ಬೇರೆಡೆಯಿಂದ ತಂದು ಸುರಿದ ಕಸ, ಆದ್ದರಿಂದ ಅದರಲ್ಲಿ ಸಿಕ್ಕ ವಸ್ತು ಆ ಕಟ್ಟಡದ ಉಪಯೋಗವನ್ನು ಹೇಳಲೇಬೇಕೆಂದಿಲ್ಲ. ಪಾಳುಬಾವಿಗೆ ಕಸ ಸುರಿಯುವುದನ್ನು ಕಂಡ ಯಾವ ಹಳ್ಳಿಗರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಂಡ್ಯ ಸೀಮೆಯ ರೈತನ ಮುಂದೆ ಈ ಚರ್ಚೆಯನ್ನಿಟ್ಟರೆ ಅವನಿಗೆ ಮೊದಲು ನೆನಪಾಗುವುದು ಹಗೇವು. ಗಟ್ಟಿಯಾದ, ನೀರು ಒಸರದ ದಿಣ್ಣೆಯಲ್ಲಿ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ತೋಡಿ, ಒಳಗೋಡೆಗೆ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮುಚ್ಚಿದ ಈ ನೆಲಗಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬುವುದರಿಂದ ಹುಳು ಬದುಕಲಾರದು. ಅದೇ ಕಾರಣಕ್ಕೆ ಅವಸರದಿಂದ ಇಳಿದ ಮನುಷ್ಯನೂ ಬದುಕಲಾರ. ಆದ್ದರಿಂದಲೇ ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುವ ಪದ್ಧತಿಯಿತ್ತು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ರಾಗಿಯ ಹೊಲಗಳು ಭತ್ತ ಮತ್ತು ಕಬ್ಬಿನ ಗದ್ದೆಗಳಾದ ಕಡೆ ಹಗೇವಿಗೆ ಬೇಕಾದ ಒಣನೆಲವೂ ಕಡಿಮೆಯಾಯಿತು, ಅದರ ಅಗತ್ಯವೂ ಕಡಿಮೆಯಾಯಿತು.

ಹಗೇವಿನ ಅರಿವು ಎಷ್ಟು ದೂರದವರೆಗೆ ಉಪಯೋಗಕ್ಕೆ ಬರುತ್ತದೆಂಬುದಕ್ಕೆ ಕಾಶ್ಮೀರದ ಬುರ್ಜಹೋಮ್ ಸಾಕ್ಷಿ. ಅಲ್ಲಿಯ ನವಶಿಲಾಯುಗದ ಗುಂಡಿಗಳಲ್ಲಿ ದೊಡ್ಡದಾದದ್ದು ಬಾಯಿಯಲ್ಲಿ 2.74 ಮೀಟರ್, ತಳದಲ್ಲಿ 4.57 ಮೀಟರ್ ಅಗಲವಿದ್ದು 3.96 ಮೀಟರ್ ಆಳವಿದೆ. ಚಳಿಯಿಂದ ಪಾರಾಗಲು ತೋಡಿಕೊಂಡ ಗುಂಡಿಮನೆಗಳಿವು ಎಂದು ಪಠ್ಯಪುಸ್ತಕಗಳು ಈಗಲೂ ಹೇಳುತ್ತವೆ. ಆದರೆ 1990ರ ದಶಕದಲ್ಲಿ ಕಾನಿಂಗ್‌ಹ್ಯಾಮ್ ಮತ್ತು ಸದರ್ಲೆಂಡ್ ಎಂಬ ಇಬ್ಬರು ವಿದ್ವಾಂಸರು ಇವು ವಾಸದ ಮನೆಗಳೋ ಕಣಜಗಳೋ ಎಂದು ಪ್ರಶ್ನಿಸಿದರು. ಕಿರಿದು ಬಾಯಿ, ಅಗಲ ತಳ ಎಂಬ ಲಕ್ಷಣವೊಂದನ್ನೇ ಹಿಡಿದರೆ ಹಳೆಯ ಮೈಸೂರಿನ ಯಾವ ಅಜ್ಜಿಯೂ ಎರಡನೆಯ ಪಕ್ಷಕ್ಕೇ ಮತ ಹಾಕಿಯಾಳು.

ತಲಕಾಡಿನಲ್ಲಿ ಇನ್ನೊಂದು ಬಗೆಯ ತಗ್ಗು ಕಾಣುತ್ತದೆ. ಪಾತಾಳೇಶ್ವರ ದೇಗುಲಕ್ಕೆ ಮೆಟ್ಟಿಲಿಳಿದು ಹೋಗಬೇಕು, ಆದರೆ ಅದನ್ನು ಕಟ್ಟಿದವರು ಹಳ್ಳ ತೋಡಿ ಕಟ್ಟಲಿಲ್ಲ. ಕಾವೇರಿಯ ದಂಡೆಯ ಮರಳು ಸುತ್ತ ಏರಿದ್ದರಿಂದ ದೇಗುಲ ತಗ್ಗಿನಲ್ಲಿ ಉಳಿಯಿತು. ಅಗೆದ ತಗ್ಗಿನ ಅಂಚು ಹಳೆಯ ಮಣ್ಣನ್ನು ಕತ್ತರಿಸಿಕೊಂಡು ಇಳಿದಿರುತ್ತದೆ, ಸುತ್ತಲ ನೆಲ ಏರಿ ಆದ ತಗ್ಗಿನಲ್ಲಿ ಮರಳಿನ ಪದರಗಳು ಗೋಡೆಗೆ ಒರಗಿ ನಿಂತಿರುತ್ತವೆ; ಉತ್ಖನನಕಾರ ಇವೆರಡನ್ನೂ ಬೇರ್ಪಡಿಸುವುದು ಈ ಗೆರೆಯಿಂದಲೇ. ಮೂರನೆಯ ಬಗೆಯೆಂದರೆ ಕುಣಿಮಗ್ಗದ್ದು: ನೇಕಾರ ನೆಲದ ಅಂಚಿನಲ್ಲಿ ಕುಳಿತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಕೋಲು ತುಳಿಯುತ್ತಾನೆ. ಮನೆ ಬಿದ್ದುಹೋಗಿ ಸಾವಿರ ವರ್ಷ ಕಳೆದರೆ ಅಲ್ಲಿಯೂ ಉಳಿಯುವುದು ಒಂದು ಚೌಕ ಗುಂಡಿ, ಅಕ್ಕಪಕ್ಕದಲ್ಲಿ ಗೂಟದ ತೂತುಗಳು. ಮಗ್ಗದ ವಿಷಯ ತಿಳಿಯದವನು ಅದನ್ನು ಪುಟ್ಟ ಮನೆಯೆಂದು ಬರೆದುಕೊಂಡರೆ ಆಶ್ಚರ್ಯವಿಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949–50ರ ವೀರಗಲ್ಲೊಂದು ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ಹೆಸರು ಹಿಡಿದು ದಾಖಲಿಸಿದೆ. ಆ ನಾಯಿಗೆ ಅನ್ನ ಹಾಕಿದ ಊರಿನವರ ಮನೆ ಹೇಗಿತ್ತೆಂದು ಕಲ್ಲು ಹೇಳುವುದಿಲ್ಲ. ಅದನ್ನು ಮಣ್ಣೇ ಹೇಳಬೇಕು, ಹಳೆಯ ಊರುಗಳ ಹಾಳುದಿಣ್ಣೆಗಳನ್ನು ದೇವಾಲಯಕ್ಕಾಗಿ ಅಲ್ಲದೆ ಮನೆಗಳಿಗಾಗಿಯೂ ಅಗೆದರೆ. ಅಲ್ಲಿಯವರೆಗೆ ಆಗಬಹುದಾದ ಸಣ್ಣ ಕೆಲಸವೊಂದಿದೆ. ತಮ್ಮ ವಾರಗೆಯ ಹಿರಿಯರಲ್ಲಿ ಹಗೇವಿಗೆ ಇಳಿದವರು, ಕುಣಿಮಗ್ಗ ಹೂಡಿದವರು ಇದ್ದರೆ, ಬಾಯಿ ಎಷ್ಟು ಮೊಳ, ಹೊಟ್ಟೆ ಎಷ್ಟು, ಆಳವೆಷ್ಟು, ಗೋಡೆಗೆ ಯಾವ ಹುಲ್ಲು, ಪಾಳುಬಿದ್ದ ಮೇಲೆ ಅದನ್ನು ಯಾವುದರಿಂದ ತುಂಬಿದರು ಎಂಬುದನ್ನೆಲ್ಲ ಕೇಳಿ, ಜಾಗದ ಗುರುತು ಸಹಿತ ಬರೆಯಿಸಿ ಕಳುಹಿಸಬೇಕೆಂದು ಪ್ರಾರ್ಥನೆ.

ಇಂತಿ,
ತಮ್ಮ ಆಶೀರ್ವಾದ ಬೇಡುವ ಮಗ