ಎಮ್ಮೆ ಹಿಂಡುವವರು ಯಾರು? ವಿಜಯಪುರಕ್ಕೆ ಎರಡು ದಿನ

ಪ್ರವಾಸಕ್ಕೆ ಹೋಗಬೇಕೆಂದರೆ ಪೇಟೆಯವರು ರಜೆ ಕೇಳುತ್ತಾರೆ. ನಮ್ಮಂಥವರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಬೇರೆ: ಎಮ್ಮೆ ಹಿಂಡುವವರು ಯಾರು?

ಪ್ರತಿ ಸಲ ಅದಕ್ಕೆ ಉತ್ತರ ಅವ್ವನೇ. "ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ." ಐದು ವರ್ಷದ ಹಿಂದೆ ವಿಜಯಪುರಕ್ಕೆ ಹೋದಾಗಲೂ ಹಾಗೇ ಆಯಿತು. ಒಂದೇ ದಿನದಲ್ಲಿ ಒಂಬತ್ತು ಜಾಗ ಸುತ್ತಿ, ರಾತ್ರಿ ಹನ್ನೊಂದಕ್ಕೆ ಮನೆ ಸೇರಿದಾಗ ಅವ್ವ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಮೊಬೈಲಿನಲ್ಲಿ ಫೋಟೊ ತೋರಿಸಿದೆವು. ಗೋಲಗುಮ್ಮಟ ನೋಡಿ, "ಸಾಲಿ ಪುಸ್ತಕದಾಗ ಇದ್ದಂಗ ಐತಿ" ಅಂದಳು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ಅವ್ವ. ಪುಸ್ತಕದಲ್ಲಿ ನೋಡಿದ್ದೇ ನೋಡಿದ್ದು. ಬಾಗಲಕೋಟೆ ಜಿಲ್ಲೆಯ ನಮ್ಮೂರಿನಿಂದ ಅದು ಬರೀ ಎರಡೂವರೆ ತಾಸಿನ ದಾರಿ!

ಆ ಮಾತು ನಮ್ಮನ್ನು ಚುಚ್ಚುತ್ತಲೇ ಇತ್ತು. ಅದಕ್ಕೇ ಈ ಚಳಿಗಾಲದಲ್ಲಿ ಪಟ್ಟಿಯನ್ನು ಉಲ್ಟಾ ಬರೆದೆವು. ಮೊದಲು ಅವ್ವನ ಹೆಸರು, ಆಮೇಲೆ ಎಮ್ಮೆ, ಆಮೇಲೆ ಊರು.

ಬಾಜೂ ಮನೆಯ ಕಾಕಿ ಹಿಂಡಲು ಒಪ್ಪಿದರು. ಆದರೆ ನಮ್ಮ ಎಮ್ಮೆ ಹೊಸ ಕೈಗೆ ಒದೆಯುತ್ತದೆ. ಹೊರಡುವ ನಾಲ್ಕು ದಿನ ಮುಂಚಿನಿಂದ ಕಾಕಿ ಅವ್ವನ ಜೊತೆ ಕೊಟ್ಟಿಗೆಗೆ ಬಂದರು. ಕೊನೆಯ ಎರಡು ದಿನ ಅವ್ವನ ಹಳೇ ಸೀರೆ ಸುತ್ತಿಕೊಂಡು ಅವರೇ ಕೂತು ಹಿಂಡಿದರು. ಎಮ್ಮೆ ಒಮ್ಮೆ ಮೂಸಿ ನೋಡಿ ಸುಮ್ಮನೆ ನಿಂತಿತು. ಪ್ರವಾಸದ ಅರ್ಧ ತಯಾರಿ ಅಲ್ಲಿಗೆ ಮುಗಿಯಿತು.

ಇನ್ನು ದಿನ ಹಿಡಿಯಬೇಕಿತ್ತು. ತೊಗರಿ ರಾಶಿ ಮುಗಿದಿರಬೇಕು, ಬಿಳಿಜೋಳ ಇನ್ನೂ ಕೊಯ್ಲಿಗೆ ಬಂದಿರಬಾರದು. ನಮ್ಮ ಕಡೆ ಜನವರಿಯ ಮೊದಲ ವಾರದಲ್ಲಿ ಅಂಥ ನಾಲ್ಕೈದು ದಿನ ಸಿಗುತ್ತವೆ. ಸಂಕ್ರಮಣದ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಆಗ ಊರು ತುಂಬಿರುತ್ತದೆ, ಲಾಡ್ಜಿನಲ್ಲಿ ರೂಮು ಸಿಗುವುದು ಕಷ್ಟ. ಹೀಗಾಗಿ ಅದಕ್ಕಿಂತ ಒಂದು ವಾರ ಮುಂಚೆ, ಭಾನುವಾರ ಮತ್ತು ಸೋಮವಾರ ಅಂತ ನಿಶ್ಚಯಿಸಿದೆವು. ಮಕ್ಕಳಿಗೆ ಒಂದೇ ದಿನ ಶಾಲೆ ತಪ್ಪುತ್ತದೆ. ಶುಕ್ರವಾರ ಬೇಡವೇ ಬೇಡ, ಗೋಲಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಅವತ್ತು ರಜೆ.

ಆಮೇಲೆ ಹಳೇ ಪಟ್ಟಿ ತೆಗೆದು ಕೂತೆವು. ಅವ್ವನಿಗೆ ಮೊಣಕಾಲು ನೋವು. ಹತ್ತು ಮೆಟ್ಟಿಲು ಹತ್ತಿದರೆ ಐದು ನಿಮಿಷ ಕೂರಬೇಕು. 1584ರಲ್ಲಿ ಕಟ್ಟಿದ ಉಪ್ಪಲಿ ಬುರುಜು ಎತ್ತರ ಸುಮಾರು 24 ಮೀಟರ್, ಮೆಟ್ಟಿಲು ಹೊರಗೋಡೆಗೆ ಸುತ್ತಿಕೊಂಡು ಹೋಗುತ್ತವೆ. ಅದಕ್ಕೆ ಗೀಟು ಹಾಕಿದೆವು. ತಾಜ್ ಬಾವಡಿ, ಗಗನ ಮಹಲ್, ಜೋಡ ಗುಮ್ಮಟ ಮುಂದಿನ ಸಲಕ್ಕೆ. ಕೊನೆಗೆ ಉಳಿದದ್ದು ನಾಲ್ಕೇ: ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು, ಬಾರಾ ಕಮಾನು, ಗೋಲಗುಮ್ಮಟ. ಮಗ ಮುಖ ಊದಿಸಿಕೊಂಡ. "ನಾಲ್ಕನ್ನೂ ಆಯಿ ಜೊತೆ ನೋಡೂಣು" ಅಂದಾಗ ಸಮಾಧಾನವಾದ.

ಭಾನುವಾರ ಬೆಳಿಗ್ಗೆ ಹಾಲು ಹಾಕಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ ಕಟ್ಟಿಕೊಂಡು ಬಸ್ಸು ಹತ್ತಿದೆವು. ಶಕ್ತಿ ಯೋಜನೆ ಇರುವುದರಿಂದ ಮನೆಯ ಮೂರೂ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ, ಆಧಾರ್ ಕಾರ್ಡ್ ಮಾತ್ರ ಮರೆಯಬಾರದು. ದುಡ್ಡು ಕೊಟ್ಟದ್ದು ಒಂದು ಪೂರ್ತಿ, ಒಂದು ಅರ್ಧ ಟಿಕೆಟ್ಟಿಗೆ. ಕೊಲ್ಹಾರದ ಸೇತುವೆ ಬಂದಾಗ ಅವ್ವ ಕಿಟಕಿಯಿಂದ ಕೃಷ್ಣೆಗೆ ಕೈ ಮುಗಿದಳು. ಆಚೆ ದಂಡೆಯಲ್ಲಿ ಕೊಲ್ಹಾರದ ಗಟ್ಟಿ ಮೊಸರು ಕೊಂಡು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಂಡೆವು.

ಲಾಡ್ಜಿಗೆ ಎರಡು ದಿನ ಮುಂಚೆಯೇ ಫೋನು ಮಾಡಿ ಮೂರು ಮಾತು ಕೇಳಿದ್ದೆವು. ಕೆಳಗಿನ ಮಹಡಿಯ ರೂಮು ಇದೆಯೇ? ಕಮೋಡ್ ಇದೆಯೇ? ಬೆಳಿಗ್ಗೆ ಐದಕ್ಕೆ ಬಿಸಿನೀರು ಬರುತ್ತದೆಯೇ? ಎಲ್ಲಕ್ಕೂ ಹೌದು ಅಂದರು. ಹೋಗಿ ನೋಡಿದರೆ ಕೊಟ್ಟದ್ದು ಎರಡನೇ ಮಹಡಿಯ ರೂಮು. ಬ್ಯಾಗು ಕೆಳಗೇ ಇಟ್ಟು, ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಅರ್ಧ ತಾಸು ವಾದ ಮಾಡಿದ ಮೇಲೆ ಕೆಳಗಿನ ರೂಮು ಸಿಕ್ಕಿತು. ನೀವು ಹಿರಿಯರನ್ನು ಕರೆದೊಯ್ಯುವುದಾದರೆ ರೂಮು ನೋಡಿದ ಮೇಲೇ ದುಡ್ಡು ಕೊಡಿ.

ಮಧ್ಯಾಹ್ನ ಆಟೊ ಒಂದನ್ನು ಮಾತಾಡಿಕೊಂಡೆವು. ಇಬ್ರಾಹಿಂ ರೋಜಾದಲ್ಲಿ ಎತ್ತರದ ಜಗಲಿಯ ಮೇಲೆ ಎದುರುಬದುರು ಎರಡು ಕಟ್ಟಡ. ಒಂದು ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ, ಇನ್ನೊಂದು ಮಸೀದಿ. 1627ರಲ್ಲಿ ತೀರಿಕೊಂಡ ಈ ಬಾದಶಹನಿಗೆ ಸಂಗೀತದ ಹುಚ್ಚು, ಜನ ಜಗದ್ಗುರು ಬಾದಶಹ ಅನ್ನುತ್ತಿದ್ದರು. ಅವ್ವ ಕಲ್ಲಿನ ಜಾಲರಿ ಕೆತ್ತನೆಯ ಮೇಲೆ ಕಣ್ಣಾಡಿಸುತ್ತ ಒಂದು ತಾಸು ಆ ನೆರಳಿನಲ್ಲಿ ಕೂತಳು. ಹಿಂದಿನ ಸಲ ನಾವು ಇಲ್ಲಿ ನಿಂತದ್ದು ಹದಿನೈದು ನಿಮಿಷ. ಜಾಲರಿಯಲ್ಲಿ ಅಕ್ಷರ ಇವೆ ಎಂಬುದು ನಮ್ಮ ಕಣ್ಣಿಗೆ ಬಿದ್ದದ್ದೇ ಈ ಸಲ.

ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ತೋಪು, ತೂಕ ಸುಮಾರು 55 ಟನ್. ನಾನೂರು ಎತ್ತು, ಹತ್ತು ಆನೆ ಎಳೆದು ತಂದವು ಎಂಬ ಮಾತಿದೆ. ಅವ್ವ ಕೇಳಿದ್ದು ಒಂದೇ: "ಅಷ್ಟ ಎತ್ತಿಗೆ ಮೇವು ಯಾರ ಹಾಕಿದ್ರು?" ಆಟೊದವನಿಗೂ ಉತ್ತರ ಗೊತ್ತಿರಲಿಲ್ಲ. ಸಂಜೆ ಬಾರಾ ಕಮಾನು. ಎರಡನೇ ಅಲಿ ಆದಿಲ್ ಶಾಹ ತನಗಾಗಿ ಕಟ್ಟಿಸಲು ಹೊರಟ ಗೋರಿ, ಅರ್ಧಕ್ಕೇ ನಿಂತಿದೆ. ಬರೀ ಕಮಾನುಗಳು, ಮೇಲೆ ಆಕಾಶ. "ಅರ್ಧಕ್ಕ ನಿಂತ ಮನಿ ನಮ್ಮೂರಾಗೂ ಅದಾವ, ಆದ್ರ ಇಷ್ಟ ಚಂದ ಇಲ್ಲ" ಅಂದಳು ಅವ್ವ.

ಗೋಲಗುಮ್ಮಟವನ್ನು ಸೋಮವಾರ ನಸುಕಿಗೆ ಇಟ್ಟಿದ್ದು ಬೇಕಂತಲೇ. ಚಳಿಗಾಲ ಅಂದರೆ ಶಾಲಾ ಪ್ರವಾಸದ ಕಾಲ. ಬಸ್ಸುಗಳು ಬಂದು ನಿಂತ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಾಟವೊಂದೇ ಕೇಳುತ್ತದೆ. ನಾವು ಆರೂವರೆಗೆ ಒಳಗಿದ್ದೆವು. ಟಿಕೆಟ್ಟು ದೊಡ್ಡವರಿಗೆ 25 ರೂಪಾಯಿ, 15 ವರ್ಷದ ಒಳಗಿನ ಮಕ್ಕಳಿಗೆ ಇಲ್ಲ.

ಮೊಹಮ್ಮದ್ ಆದಿಲ್ ಶಾಹನ ಈ ಗೋರಿಯ ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್. ಒಳಗೆ ಒಂದೇ ಒಂದು ಕಂಬ ಇಲ್ಲ. ಒಂದನ್ನೊಂದು ಕತ್ತರಿಸುವ ಕಮಾನುಗಳು ಅಷ್ಟೂ ಭಾರ ಹೊತ್ತಿವೆ. ಗ್ಯಾಲರಿಗೆ ಮೂಲೆಯ ಏಳಂತಸ್ತಿನ ಗೋಪುರದೊಳಗೆ ಕಿರಿದಾದ ಮೆಟ್ಟಿಲು ಹತ್ತಬೇಕು. ಅವ್ವನಿಗೆ ಅದು ಆಗದು ಎಂದು ಮೊದಲೇ ಗೊತ್ತಿತ್ತು. ಮೇಲೆ ಎರಡು ಸರದಿ ಮಾಡಿಕೊಂಡು ಹೋಗುವುದು, ಒಬ್ಬರಾದರೂ ಅವಳ ಜೊತೆ ಇರುವುದು ಎಂಬುದು ನಮ್ಮ ಯೋಜನೆ. ಅವ್ವ ಅದನ್ನು ಮುರಿದಳು. "ಎಲ್ಲಾರೂ ಹೋಗ್ರಿ. ನಾ ಇಲ್ಲೇ ಕೂಡ್ತೀನಿ. ಇದು ಮನಿ ಕಾಯೂದಲ್ಲ, ನಾನೂ ನೋಡಾಕ ಬಂದೀನಿ."

ಮೇಲೆ ಹೋಗಿ ಮಗಳು "ಆಯೀ" ಎಂದು ಕರೆದಳು. ಗುಮ್ಮಟ ಅದನ್ನೇ ಮತ್ತೆ ಮತ್ತೆ ಹೇಳಿತು. ಬಗ್ಗಿ ನೋಡಿದರೆ ಕೆಳಗೆ ಶಾಲು ಹೊದ್ದು ಕೂತ ಅವ್ವ ಕತ್ತೆತ್ತಿ ಕೈ ಬೀಸುತ್ತಿದ್ದಳು. ಇಳಿದು ಬಂದಾಗ, "ಸಣ್ಣಾಕಿ ಇದ್ದಾಗ ಪುಸ್ತಕದಾಗ ಇದರ ದನಿ ಬರ್ತಿರಲಿಲ್ಲ" ಅಂದು ನಕ್ಕಳು. ಹತ್ತರ ತನಕ ಕಾದು ವಸ್ತುಸಂಗ್ರಹಾಲಯ ನೋಡಿಕೊಂಡೇ ಹೊರಬಂದೆವು. ಆಗ ಹೊರಗೆ ಶಾಲೆಯ ಬಸ್ಸುಗಳ ಸಾಲು.

ಐದು ಜನಕ್ಕೆ ಎಲ್ಲಾ ಸೇರಿ ಖರ್ಚು ಮೂರು ಸಾವಿರದೊಳಗೆ ಮುಗಿಯಿತು. ಸಂಜೆ ಮನೆಗೆ ಬಂದಾಗ ಎಮ್ಮೆ ಅರ್ಧ ಲೀಟರು ಹಾಲು ಕಡಿಮೆ ಕೊಟ್ಟಿತು. "ಎರಡು ದಿನಕ್ಕ ಇಷ್ಟು ಸಿಟ್ಟೇನ?" ಎಂದು ಅವ್ವ ಅದರ ಕತ್ತು ಸವರಿದಳು.

ನೀವೂ ಪಟ್ಟಿ ಬರೆಯುವಾಗ, ಪ್ರತಿ ಸಲ ಮನೆಯಲ್ಲಿ ಉಳಿಯುವವರ ಹೆಸರನ್ನೇ ಮೊದಲು ಬರೆಯಿರಿ. ಮುಂದಿನ ವಾರ ಕಾಕಿ ಮೊಮ್ಮಕ್ಕಳ ಜೊತೆ ಬಾದಾಮಿಗೆ ಹೊರಟಿದ್ದಾರೆ. ಅವರ ಎಮ್ಮೆಗೆ ನಮ್ಮ ಕೈ ಪರಿಚಯವಾಗಲಿ ಎಂದು ನಿನ್ನೆಯಿಂದ ಅವರ ಕೊಟ್ಟಿಗೆಗೆ ಹೋಗುತ್ತಿದ್ದೇವೆ.