ಅಜ್ಜಿಯ ನೀರುದೋಸೆ ಹುಡುಕಿಕೊಂಡು

ದಸರಾ ಬಂತೆಂದರೆ ಊರೂರಿನವರೆಲ್ಲ ಮೈಸೂರಿಗೆ ಬರುತ್ತಾರೆ. ಕಳೆದ ದಸರಾ ರಜೆಯಲ್ಲಿ ನಾನೂ ನನ್ನ ಮೊಮ್ಮಗಳೂ ಮಾತ್ರ ಗೋಕುಲಂನಿಂದ ಎದುರು ದಿಕ್ಕಿಗೆ ಹೊರಟೆವು. ಕಾರಣ, ನೀರುದೋಸೆ!

ನನ್ನಾಕೆಯ ತವರು ಉಡುಪಿ. ನಲವತ್ತು ವರ್ಷ ಮೈಸೂರಿನಲ್ಲಿದ್ದರೂ ಅವಳ ಅಡುಗೆಮನೆ ಮಾತ್ರ ಕರಾವಳಿಯಲ್ಲೇ ಇತ್ತು. ಮೊಮ್ಮಗಳಿಗೆ ಜ್ವರ ಬಂದರೆ ಕುಚ್ಚಲಕ್ಕಿ ಗಂಜಿ, ಪರೀಕ್ಷೆ ಮುಗಿದರೆ ನೀರುದೋಸೆ. ಅವಳು ಹೋಗಿ ಎರಡು ವರ್ಷವಾಯಿತು. ಒಂದು ದಿನ ಮೊಮ್ಮಗಳು, "ತಾತ, ಅಜ್ಜಿ ದೋಸೆ ರುಚಿ ನಂಗೆ ಮರ್ತುಹೋಗ್ತಿದೆ" ಅಂದಳು. ನನಗೆ ಮಾತೇ ಹೊರಡಲಿಲ್ಲ. ಮರುದಿನವೇ ಬಸ್ಸಿಗೆ ಟಿಕೆಟ್ ತೆಗೆಸಿದೆ.

ಹುಣಸೂರು, ಕುಶಾಲನಗರ, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದರೆ ಸುಳ್ಯ. ಅಲ್ಲಿಗೆ ಸ್ವೆಟರ್ ಬಿಚ್ಚಬೇಕು, ಸೆಖೆ ಶುರು. ಪುತ್ತೂರಿನ ಮೇಲೆ ಮಂಗಳೂರು ತಲುಪಿದೆವು.

ಹೋಟೆಲಿನಲ್ಲಿ 'ಬನ್ಸ್' ಕೇಳಿದಾಗ ಮೊಮ್ಮಗಳು ಬೇಕರಿ ಬನ್ನಿಗೆ ಕಾಯುತ್ತಿದ್ದಳು. ಬಂದದ್ದು ದಪ್ಪ ಪೂರಿಯಂತೆ ಉಬ್ಬಿದ ಕಂದು ಬಣ್ಣದ ತಿಂಡಿ! ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ ಕಲಸಿ, ಹೊತ್ತು ಬಿಟ್ಟು ಕರಿಯುತ್ತಾರೆ. ಸಂಜೆ ಲಾಲ್‌ಬಾಗಿನ ಪಬ್ಬಾಸ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಮ್. ಎತ್ತರದ ಗ್ಲಾಸಿನಲ್ಲಿ ಬಗೆಬಗೆಯ ಐಸ್‌ಕ್ರೀಮ್, ಹಣ್ಣು, ಜೆಲ್ಲಿ. ಇದು ಮೊದಲು ಹುಟ್ಟಿದ್ದು ನಮ್ಮಲ್ಲೇ ಎಂದು ಉಡುಪಿಯವರೂ ಹೇಳುತ್ತಾರೆ, ಮಂಗಳೂರಿನವರೂ ಹೇಳುತ್ತಾರೆ. ನಾವು ಎರಡೂ ಕಡೆ ತಿಂದು ಸುಮ್ಮನಾದೆವು.

ಉಡುಪಿಯಲ್ಲಿ ರಥಬೀದಿಯ ಹತ್ತಿರದ ಮಿತ್ರ ಸಮಾಜಕ್ಕೆ ಹೋಗದೆ ಬರಬಾರದು. ಹಳೆಯ ಹೋಟೆಲು. ಬಿಸಿ ಗೋಳಿಬಜೆ, ಜೊತೆಗೆ ಕಾಯಿಚಟ್ನಿ. ಮಧ್ಯಾಹ್ನ ಕೃಷ್ಣಮಠದಲ್ಲಿ ಸಾಲಾಗಿ ಕುಳಿತು ಊಟ. ಚಳಿಗಾಲದಲ್ಲಿ ಹೋದವರು ಮಟ್ಟುಗುಳ್ಳದ ಹುಳಿ ಕೇಳಿ. ಇದು ಉಡುಪಿ ಹತ್ತಿರದ ಮಟ್ಟು ಗ್ರಾಮದ ದುಂಡು ಹಸಿರು ಬದನೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ಮಳೆಗಾಲದವರಿಗೆ ಕೆಸುವಿನೆಲೆಯ ಪತ್ರೊಡೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು ಸಿಕ್ಕರೆ ಬಿಡಬೇಡಿ. ನಾವು ಸಸ್ಯಾಹಾರಿಗಳು, ಮೀನು, ಕೋಳಿ ತಿನ್ನುವವರಿಗೆ ಮೀನುಸಾರು, ಕೋರಿರೊಟ್ಟಿ ಬೇರೆ ಇವೆ.

ಇಷ್ಟೆಲ್ಲ ಆದರೂ ಬಂದ ಕೆಲಸ ಆಗಿರಲಿಲ್ಲ. ನಾಲ್ಕು ಕಡೆ ನೀರುದೋಸೆ ತಿಂದೆವು. ಎಲ್ಲ ಕಡೆಯೂ ಮೊಮ್ಮಗಳದು ಒಂದೇ ಮಾತು: "ಚೆನ್ನಾಗಿದೆ ತಾತ, ಆದ್ರೆ ಅಜ್ಜೀದಲ್ಲ."

ಕೊನೆಯ ದಿನ ಒಂದು ಓಣಿಯಲ್ಲಿ ನಾಲ್ಕೇ ಮೇಜಿನ ಚಿಕ್ಕ ಹೋಟೆಲಿಗೆ ಹೋದೆವು. ಮೊಮ್ಮಗಳ ಸಪ್ಪೆ ಮುಖ ನೋಡಿ ದೋಸೆ ಹುಯ್ಯುತ್ತಿದ್ದ ಅಮ್ಮ ಕಾರಣ ಕೇಳಿದರು. ಹೇಳಿದೆ. ಅವರು ಅವಳನ್ನು ಒಲೆಯ ಹತ್ತಿರ ಕರೆದರು.

"ನೋಡು ಮಗಾ, ಇದಕ್ಕೆ ಉದ್ದು ಬೇಡ, ಹುಳಿ ಬರ್ಸೂದೂ ಬೇಡ. ನೆನೆಸಿದ ಅಕ್ಕಿ, ಸ್ವಲ್ಪ ಕಾಯಿ, ನುಣ್ಣಗೆ ರುಬ್ಬಬೇಕು. ಹಿಟ್ಟು ಮಜ್ಜಿಗೆ ಹಾಗೆ ಇರ್ಬೇಕು. ಅಕ್ಕಿ ತಳಕ್ಕೆ ಹೋಗ್ತದೆ, ಪ್ರತಿ ಸಲ ಕಲಕಿ ಹುಯ್ಯಬೇಕು. ಕಾವಲಿ ಚೆಂದ ಕಾದಿರ್ಬೇಕು. ಹರಡೂದಿಲ್ಲ, ಮಗುಚೂದಿಲ್ಲ. ಮುಚ್ಚಿಟ್ಟು ತೆಗೆಯೂದು ಅಷ್ಟೆ."

ಮೊಮ್ಮಗಳು ಬಸ್ ಟಿಕೆಟಿನ ಹಿಂದೆ ಎಲ್ಲ ಬರೆದುಕೊಂಡಳು. ನನಗೆ ಆಗ ನಾಚಿಕೆಯಾಯಿತು. ಬ್ಯಾಂಕಿನಲ್ಲಿ ಪೈಸೆ ಪೈಸೆಗೂ ಲೆಕ್ಕ ಬರೆದ ನಾನು, ಮನೆಯಲ್ಲಿ ಅಷ್ಟು ವರ್ಷ ತಿಂದ ದೋಸೆಯ ಬಗ್ಗೆ ಒಂದು ಸಾಲೂ ಬರೆದಿಟ್ಟಿರಲಿಲ್ಲ. ಕೇಳಿಯೂ ಇರಲಿಲ್ಲ.

ಮಕ್ಕಳೇ, ಕರಾವಳಿಗೆ ಹೋದರೆ ಈ ತಿಂಡಿಗಳನ್ನೆಲ್ಲ ತಿನ್ನಿ. ಆದರೆ ಹೊರಡುವ ಮೊದಲು ಮನೆಯ ಅಜ್ಜಿ-ತಾತನನ್ನು ಅವರ ಇಷ್ಟದ ಅಡುಗೆ ಹೇಗೆ ಮಾಡುವುದೆಂದು ಕೇಳಿ, ಬರೆದಿಡಿ. ಅಜ್ಜ-ಅಜ್ಜಿಯರೇ, ಅವರು ಕೇಳುವವರೆಗೂ ಕಾಯಬೇಡಿ.

ಗೋಕುಲಂಗೆ ಬಂದ ಭಾನುವಾರ ನಮ್ಮ ಅಡುಗೆಮನೆಯಲ್ಲಿ ಹಳೆಯ ಕಾವಲಿ ಹೊರಬಂತು. ಮೊದಲ ದೋಸೆ ಕಾವಲಿಗೇ ಅಂಟಿತು. ಎರಡನೆಯದು ಹರಿಯಿತು. ಮೂರನೆಯದು ಬೆಳ್ಳಗೆ, ತೂತುತೂತಾಗಿ ಎದ್ದು ಬಂತು. ಕಾಯಿಬೆಲ್ಲದ ಜೊತೆ ಒಂದು ತುಂಡು ಬಾಯಿಗಿಟ್ಟು ಮೊಮ್ಮಗಳು, "ಇನ್ನೊಂಚೂರು ಕಾಯಿ ಬೇಕಿತ್ತು" ಅಂದಳು.

ಅವಳ ಅಜ್ಜಿಯೂ ಪ್ರತಿ ಸಲ ಹಾಗೇ ಅನ್ನುತ್ತಿದ್ದಳು.